ಸಿ ಭಾಷೆಗೆ ತಡವಾಗಿ ಬಂದ ಕರಾರು

1959ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಎಡ್ಸ್‌ಖರ್ ಡೈಕ್‌ಸ್ಟ್ರಾ ತಮ್ಮ ಸಹೋದ್ಯೋಗಿಗಳ ಮುಂದೆ ಒಂದು ಒಗಟು ಇಟ್ಟರು. ಎರಡು ಪ್ರೋಗ್ರಾಮ್‌ಗಳು ತಮ್ಮ ಪಾಡಿಗೆ ತಾವು ಓಡುತ್ತಿವೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳುವಂತಿಲ್ಲ. ಎರಡರ ನಡುವೆ ಇರುವುದು ಹಂಚಿಕೊಂಡ ಮೆಮೊರಿಯ ಕೆಲವು ಮನೆಗಳು ಮಾತ್ರ. ಆ ಮನೆಗಳಿಂದ ಮೌಲ್ಯವನ್ನು ಓದಬಹುದು, ಅಲ್ಲಿಗೆ ಮೌಲ್ಯವನ್ನು ಬರೆಯಬಹುದು, ಅಷ್ಟೇ. ಎರಡು ಪ್ರೋಗ್ರಾಮ್‌ಗಳಲ್ಲೂ ಒಂದೊಂದು ನಾಜೂಕಿನ ಭಾಗವಿದೆ. ಒಂದು ಅದರೊಳಗಿರುವಾಗ ಇನ್ನೊಂದು ತನ್ನ ನಾಜೂಕಿನ ಭಾಗಕ್ಕೆ ಕಾಲಿಡಬಾರದು. ಬರೀ ಓದು ಬರಹದಿಂದ ಇದನ್ನು ಸಾಧಿಸಬಹುದೇ?

ಮೊದಲಿಗೆ ಹೊಳೆಯುವ ಉತ್ತರಗಳೆಲ್ಲ ಒಂದಲ್ಲ ಒಂದು ಕಡೆ ಮುರಿದು ಬೀಳುತ್ತವೆ. ಕೆಲವು ಉತ್ತರಗಳಲ್ಲಿ ಇಬ್ಬರೂ ಒಟ್ಟಿಗೆ ಒಳನುಗ್ಗುತ್ತಾರೆ, ಕೆಲವುಗಳಲ್ಲಿ ಇಬ್ಬರೂ ಬಾಗಿಲಲ್ಲೇ ನಿಂತು ಎಂದೆಂದಿಗೂ ಕಾಯುತ್ತಾರೆ. ಸರಿಯಾದ ಉತ್ತರ ಕೊಟ್ಟವರು ಗಣಿತಜ್ಞ ಟಿ. ಜೆ. ಡೆಕ್ಕರ್. ಒಳಗೆ ಬರಬೇಕೆಂದಿದ್ದೇನೆ ಎಂದು ಸಾರುವ ಎರಡು ಗುರುತುಗಳು, ಸರದಿ ಯಾರದೆಂದು ಹೇಳುವ ಒಂದು ವೇರಿಯಬಲ್, ಇವಿಷ್ಟರಲ್ಲೇ ಅವರು ಒಗಟು ಬಿಡಿಸಿದರು. ಡೈಕ್‌ಸ್ಟ್ರಾ ಮುಂದೆ ಅದನ್ನು ಎಷ್ಟು ಪ್ರೋಗ್ರಾಮ್‌ಗಳಿಗಾದರೂ ಹೊಂದುವಂತೆ ವಿಸ್ತರಿಸಿ, 1965ರ ಸೆಪ್ಟೆಂಬರಿನಲ್ಲಿ ಒಂದೇ ಪುಟದ ಲೇಖನವಾಗಿ ಪ್ರಕಟಿಸಿದರು. ಅಷ್ಟರಲ್ಲಾಗಲೇ ಐಂಡ್‌ಹೋವನ್‌ಗೆ ಹೋಗಿದ್ದ ಅವರು, ಕಾಯುವುದಕ್ಕೂ ಎಬ್ಬಿಸುವುದಕ್ಕೂ ಒಂದು ನೇರ ಸಾಧನವನ್ನು ರೂಪಿಸಿದ್ದರು. ರೈಲ್ವೆ ಕೈಕಂಬದ ಹೆಸರನ್ನೇ ಹೊತ್ತ ಆ ಸಾಧನ ಸೆಮಾಫೋರ್. ಇಂದಿನ ಲಾಕ್‌ಗಳೆಲ್ಲ ಅದರ ಬಳಗದವು.

ಆ ಒಂದು ಪುಟದ ಅಡಿಯಲ್ಲಿ ಒಂದು ನಂಬಿಕೆ ಇತ್ತು. ಒಂದು ಮೌಲ್ಯವನ್ನು ಓದುವುದು ಅಥವಾ ಬರೆಯುವುದು ಒಡೆಯಲಾಗದ ಒಂದೇ ಕ್ರಿಯೆ. ಬರೆದದ್ದು ಬರೆದ ಕ್ರಮದಲ್ಲೇ ಎಲ್ಲರಿಗೂ ಕಾಣುತ್ತದೆ. ಅಂದಿನ ಯಂತ್ರಗಳಲ್ಲಿ ಇದು ನಿಜವೇ ಆಗಿತ್ತು. ಈ ನಂಬಿಕೆ ಹೇಗೆ ಸಡಿಲವಾಯಿತು, ಜಗತ್ತು ಅದರ ಮೇಲೆ ಎಷ್ಟು ಭಾರ ಹೊರಿಸಿತು, ಕೊನೆಗೆ ಅದನ್ನು ಬರಹದಲ್ಲಿಳಿಸಿದ ಕರಾರಾಗಿ ಮಾಡಲು ಯಾರು ದುಡಿದರು ಎಂಬುದೇ ಸಿ ಭಾಷೆಯಲ್ಲಿ ಹಂಚಿಕೊಂಡ ವೇರಿಯಬಲ್‌ನ ಇತಿಹಾಸ.

ಒಂಟಿ ಪ್ರೊಸೆಸರಿನ ಕಾಲದ ಭಾಷೆ

ಸಿ ರೂಪುಗೊಂಡದ್ದು 1972ರ ಆಸುಪಾಸಿನಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಡೆನ್ನಿಸ್ ರಿಚಿಯವರ ಕೈಯಲ್ಲಿ. ಅವರ ಎದುರಿಗಿದ್ದದ್ದು ಒಂದೇ ಪ್ರೊಸೆಸರಿನ ಪಿಡಿಪಿ-11. ಅದರ ಮೇಲೆ ಓಡುತ್ತಿದ್ದ ಯೂನಿಕ್ಸ್‌ನಲ್ಲಿ ಪ್ರತಿಯೊಂದು ಪ್ರೋಸೆಸ್‌ಗೂ ತನ್ನದೇ ಮೆಮೊರಿ. ಒಂದರ ವೇರಿಯಬಲ್ ಇನ್ನೊಂದರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವು ಮಾತಾಡಬೇಕಾದರೆ ಫೈಲು ಬೇಕು, ಇಲ್ಲವೇ ಪೈಪು ಬೇಕು. ಹೀಗಿದ್ದಾಗ ಹಂಚಿಕೊಂಡ ವೇರಿಯಬಲ್‌ಗೆ ಭಾಷೆಯಲ್ಲಿ ನಿಯಮ ಬರೆಯುವ ಅಗತ್ಯವೇ ಬೀಳಲಿಲ್ಲ. 1978ರಲ್ಲಿ ಕರ್ನಿಗನ್ ಮತ್ತು ರಿಚಿ ಬರೆದ ಪ್ರಸಿದ್ಧ ಪುಸ್ತಕ ಥ್ರೆಡ್‌ಗಳ, ಅಂದರೆ ಒಂದೇ ಮೆಮೊರಿಯನ್ನು ಹಂಚಿಕೊಂಡು ಜೊತೆಜೊತೆಗೆ ಓಡುವ ಕೆಲಸಗಳ, ನಿಯಮ ಹೇಳುವುದಿಲ್ಲ. 1989ರ ಅಮೆರಿಕನ್ ಮಾನಕವೂ ಹೇಳುವುದಿಲ್ಲ. 1999ರ ಪರಿಷ್ಕೃತ ಮಾನಕವೂ ಹೇಳುವುದಿಲ್ಲ.

1989ರ ಮಾನಕ ಈ ದಿಕ್ಕಿನ ಒಂದು ಪದವನ್ನು ತಂದಿತು: ವೊಲಟೈಲ್. ಈ ವೇರಿಯಬಲ್ ನಿನಗೆ ತಿಳಿಯದ ರೀತಿಯಲ್ಲಿ ಬದಲಾಗಬಹುದು, ಆದ್ದರಿಂದ ಪ್ರತಿ ಓದನ್ನೂ ಪ್ರತಿ ಬರಹವನ್ನೂ ಹಾಗೆಯೇ ಉಳಿಸು ಎಂದು ಕಂಪೈಲರ್‌ಗೆ ಕೊಡುವ ಸೂಚನೆ ಅದು. ಹಾರ್ಡ್‌ವೇರ್ ರಿಜಿಸ್ಟರ್‌ಗಳನ್ನು ಮುಟ್ಟುವವರಿಗೆ, ಸಿಗ್ನಲ್ ಬಂದಾಗ ಒಂದು ಗುರುತು ಏರಿಸುವವರಿಗೆ ಅದು ತಕ್ಕ ಸಾಧನ. ಆದರೆ ಮುಂದೆ ಥ್ರೆಡ್‌ಗಳು ಬಂದಾಗ ಸಾವಿರಾರು ಪ್ರೋಗ್ರಾಮರ್‌ಗಳು ಇದೇ ಪದವನ್ನು ರಕ್ಷಾಕವಚವೆಂದು ನಂಬಿದರು. ಆ ನಂಬಿಕೆ ತಪ್ಪು. ಕೌಂಟರ್‌ಗೆ ಒಂದು ಕೂಡಿಸು ಎಂಬ ಚಿಕ್ಕ ಸಾಲು ಯಂತ್ರದಲ್ಲಿ ಮೂರು ಹೆಜ್ಜೆ: ಮೌಲ್ಯವನ್ನು ಓದು, ಒಂದು ಕೂಡಿಸು, ತಿರುಗಿ ಬರೆ. ಎರಡು ಥ್ರೆಡ್‌ಗಳು ಒಂದೇ ಹೊತ್ತಿಗೆ 41 ಎಂದು ಓದಿದರೆ ಎರಡೂ 42 ಎಂದು ಬರೆಯುತ್ತವೆ. 43 ಆಗಬೇಕಿದ್ದಲ್ಲಿ ಒಂದು ಏರಿಕೆ ಕಳೆದೇ ಹೋಗುತ್ತದೆ. ವೊಲಟೈಲ್ ಆ ಮೂರು ಹೆಜ್ಜೆಗಳನ್ನು ಒಂದಾಗಿ ಬೆಸೆಯುವುದಿಲ್ಲ. ಸುತ್ತಲಿನ ಸಾಮಾನ್ಯ ವೇರಿಯಬಲ್‌ಗಳ ಓದು ಬರಹಕ್ಕೆ ಕ್ರಮವನ್ನೂ ಕಟ್ಟುವುದಿಲ್ಲ.

ಲ್ಯಾಂಪೋರ್ಟ್ ಎತ್ತಿದ ಪ್ರಶ್ನೆ

ಅಷ್ಟರಲ್ಲಿ ಯಂತ್ರಗಳೂ ಬದಲಾಗುತ್ತಿದ್ದವು. ಪ್ರೊಸೆಸರಿನ ವೇಗಕ್ಕೆ ಮೆಮೊರಿ ಸಾಟಿಯಾಗಲಿಲ್ಲ. ಹಾಗಾಗಿ ವಿನ್ಯಾಸಕಾರರು ನಡುವೆ ಕ್ಯಾಶ್ ಇಟ್ಟರು, ಬರೆದದ್ದನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಟೋರ್ ಬಫರ್ ಇಟ್ಟರು. ಅಂಚೆ ಡಬ್ಬಿಗೆ ಪತ್ರ ಹಾಕಿದವನಿಗೆ ತಾನು ಕಳಿಸಿ ಆಯಿತು, ಊರಿನಲ್ಲಿರುವವನಿಗೆ ಅದಿನ್ನೂ ಬಂದಿಲ್ಲ. ಸ್ಟೋರ್ ಬಫರ್‌ನಲ್ಲಿರುವ ಮೌಲ್ಯದ ಸ್ಥಿತಿಯೂ ಅದೇ. ಒಂದು ಪ್ರೊಸೆಸರ್ ಬರೆದು ಮುಂದಕ್ಕೆ ಹೋಗಿ ಬೇರೊಂದನ್ನು ಓದಿಯೂ ಆಗಿರುತ್ತದೆ, ಇನ್ನೊಂದಕ್ಕೆ ಆ ಬರಹ ಇನ್ನೂ ಕಂಡಿರುವುದಿಲ್ಲ.

1979ರ ಸೆಪ್ಟೆಂಬರಿನಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಒಂದು ಪುಟ್ಟ ಲೇಖನದಲ್ಲಿ ಈ ಅಂತರಕ್ಕೆ ಹೆಸರಿಟ್ಟು ಅಳತೆಗೋಲು ಕೊಟ್ಟರು. ಹಲವು ಪ್ರೊಸೆಸರ್‌ಗಳ ಕಂಪ್ಯೂಟರ್ ಸರಿಯಾಗಿ ನಡೆಯಬೇಕಾದರೆ, ಅದರ ಫಲಿತಾಂಶ ಎಲ್ಲ ಕ್ರಿಯೆಗಳೂ ಒಂದರ ಹಿಂದೆ ಒಂದು ಸಾಲಾಗಿ ನಡೆದಂತೆ ಇರಬೇಕು. ಆ ಸಾಲಿನಲ್ಲಿ ಪ್ರತಿ ಪ್ರೊಸೆಸರಿನ ಕ್ರಿಯೆಗಳು ಅದರ ಪ್ರೋಗ್ರಾಮ್ ಹೇಳಿದ ಕ್ರಮದಲ್ಲೇ ಬರಬೇಕು. ಇದಕ್ಕೆ ಅವರು ಸೀಕ್ವೆನ್ಷಿಯಲ್ ಕನ್ಸಿಸ್ಟೆನ್ಸಿ ಎಂದು ಹೆಸರಿಟ್ಟರು. ಡೈಕ್‌ಸ್ಟ್ರಾ ಮತ್ತು ಡೆಕ್ಕರ್ ಹೇಳದೆಯೇ ನಂಬಿದ್ದು ಇದನ್ನೇ.

ಯಂತ್ರಗಳು ಈ ಅಳತೆಗೋಲಿಗೆ ಒಪ್ಪದೆ ಹೋದವು, ಏಕೆಂದರೆ ಒಪ್ಪಿದರೆ ನಿಧಾನವಾಗುತ್ತಿದ್ದವು. ಇಂದು ನಮ್ಮ ಮೇಜಿನ ಮೇಲಿರುವ ಎಕ್ಸ್‌86 ಪ್ರೊಸೆಸರ್‌ನಲ್ಲೂ ಡೆಕ್ಕರ್ ಅವರ ಪರಿಹಾರ ಇದ್ದ ಹಾಗೆ ನಡೆಯುವುದಿಲ್ಲ. ನನ್ನ ಗುರುತು ಏರಿಸಿ ನಿನ್ನ ಗುರುತು ಓದುತ್ತೇನೆ ಎನ್ನುವ ಎರಡೂ ಕಡೆಯ ಬರಹಗಳು ಸ್ಟೋರ್ ಬಫರ್‌ನಲ್ಲೇ ಉಳಿದರೆ, ಎರಡೂ ಕಡೆಯವರು ಸೊನ್ನೆ ಓದಿ ಇಬ್ಬರೂ ಒಳನುಗ್ಗುತ್ತಾರೆ. ನಡುವೆ ಫೆನ್ಸ್ ಎಂಬ ವಿಶೇಷ ಸೂಚನೆ ಹಾಕಬೇಕು. 1992ರಲ್ಲಿ ಬಂದ ಡೆಕ್ ಕಂಪನಿಯ ಆಲ್ಫಾ ಇನ್ನೂ ಸಡಿಲ. ಮೊದಲ ಆಲ್ಫಾಗಳಲ್ಲಿ ಒಂದು ಬೈಟನ್ನು ಮಾತ್ರ ಬರೆಯುವ ಸೂಚನೆಯೇ ಇರಲಿಲ್ಲ. ಒಂದು ಅಕ್ಷರ ಬದಲಿಸಲು ಅಕ್ಕಪಕ್ಕದ ಬೈಟ್‌ಗಳನ್ನೂ ಸೇರಿಸಿ ಓದಿ, ತಿದ್ದಿ, ಒಟ್ಟಾಗಿ ತಿರುಗಿ ಬರೆಯಬೇಕಿತ್ತು. ಆ ನಡುವೆ ಪಕ್ಕದ ಬೈಟನ್ನು ಬೇರೊಂದು ಥ್ರೆಡ್ ಬದಲಿಸಿದ್ದರೆ ಆ ಬದಲಾವಣೆ ಅಳಿಸಿಹೋಗುತ್ತಿತ್ತು. ಅಂದರೆ ಇಬ್ಬರೂ ಬೇರೆಬೇರೆ ವೇರಿಯಬಲ್‌ಗಳನ್ನೇ ಮುಟ್ಟಿದ್ದರೂ ಒಬ್ಬರ ಕೆಲಸ ಹಾಳಾಗಬಹುದಿತ್ತು.

ಥೆರಾಕ್-25

ಇದೆಲ್ಲ ಪ್ರಯೋಗಾಲಯದ ಚರ್ಚೆ ಎಂದುಕೊಳ್ಳುವ ಹಾಗಿಲ್ಲ. 1985ರ ಜೂನ್‌ನಿಂದ 1987ರ ಜನವರಿಯವರೆಗೆ ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಆರು ಬಾರಿ ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಜನ ಸತ್ತರು, ಉಳಿದವರು ಭೀಕರವಾಗಿ ಗಾಯಗೊಂಡರು. ಅದರ ಸಾಫ್ಟ್‌ವೇರ್ ಸಿ ಅಲ್ಲ, ಪಿಡಿಪಿ-11ರ ಅಸೆಂಬ್ಲಿ. ಆದರೂ ಈ ಇತಿಹಾಸದಲ್ಲಿ ಅದಕ್ಕೆ ಜಾಗವಿದೆ. ಒಂದೇ ಸಲಕ್ಕೆ ಸಾಗುವ ಹಲವು ಕೆಲಸಗಳು ಅದರಲ್ಲಿ ಹಂಚಿಕೊಂಡ ವೇರಿಯಬಲ್‌ಗಳ ಮೂಲಕ ಮಾತಾಡುತ್ತಿದ್ದವು, ಪರೀಕ್ಷಿಸಿ ಬದಲಿಸುವ ಕ್ರಿಯೆಗಳು ಒಡೆಯಲಾಗದ ಒಂದೇ ಕ್ರಿಯೆಯಾಗಿರಲಿಲ್ಲ.

ಟೆಕ್ಸಸ್‌ನ ಟೈಲರ್‌ನಲ್ಲಿ ಆದದ್ದು ಇದು. ಚಿಕಿತ್ಸೆಯ ಬಗೆಯನ್ನು ತಪ್ಪಾಗಿ ಒತ್ತಿದ ಆಪರೇಟರ್ ತಕ್ಷಣ ತಿದ್ದುತ್ತಿದ್ದರು. ಯಂತ್ರದ ಅಯಸ್ಕಾಂತಗಳು ಅಣಿಯಾಗಲು ಸುಮಾರು 8 ಸೆಕೆಂಡ್ ಬೇಕಿತ್ತು. ತಿದ್ದುಪಡಿ ಆ ಅವಧಿಯೊಳಗೆ ಮುಗಿದರೆ ಒಂದು ಕೆಲಸಕ್ಕೆ ಹೊಸ ಮೌಲ್ಯ ಕಾಣುತ್ತಿತ್ತು, ಇನ್ನೊಂದು ಹಳೆಯದನ್ನೇ ಹಿಡಿದು ಮುಂದುವರಿಯುತ್ತಿತ್ತು. ಕೆಲಸದಲ್ಲಿ ಕೈ ಪಳಗಿದ ಆಪರೇಟರ್‌ನ ವೇಗವೇ ಅಪಾಯವಾಯಿತು. ಹೊಸದಾಗಿ ಕಲಿತು ನಿಧಾನವಾಗಿ ಒತ್ತುವವರ ಕೈಯಲ್ಲಿ ಈ ದೋಷ ಕಾಣಿಸಿಕೊಳ್ಳಲಾರದು. ಹಿಂದಿನ ಮಾದರಿಯಾದ ಥೆರಾಕ್-20ರಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ಇದರಲ್ಲಿ ತೆಗೆದು, ಸುರಕ್ಷತೆಯ ಹೊಣೆಯನ್ನು ಸಾಫ್ಟ್‌ವೇರ್ ಮೇಲೆ ಬಿಟ್ಟಿದ್ದರು. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಪ್ರಕಟಿಸಿದ ತನಿಖಾ ಲೇಖನವನ್ನು ಸಾಫ್ಟ್‌ವೇರ್ ಕಲಿಯುವ ಪ್ರತಿಯೊಬ್ಬರೂ ಓದಬೇಕು. ದೋಷ ಒಂದು ಸಾಲಿನಲ್ಲಿರಲಿಲ್ಲ, ಎರಡು ಕೆಲಸಗಳ ನಡುವಿನ ಹೊತ್ತಿನಲ್ಲಿತ್ತು ಎಂಬುದನ್ನು ಅದು ಬಿಡಿಸಿ ತೋರಿಸುತ್ತದೆ.

ಲೈಬ್ರರಿಯಾಗಿ ಬಂದ ಥ್ರೆಡ್

1995ರಲ್ಲಿ ಪೋಸಿಕ್ಸ್ ಥ್ರೆಡ್‌ಗಳ ಮಾನಕ ಹೊರಬಂತು. ಪ್ರೋಗ್ರಾಮರ್‌ಗಳ ಬಾಯಲ್ಲಿ ಅದು ಪಿಥ್ರೆಡ್ಸ್. ಒಂದೇ ಮೆಮೊರಿಯೊಳಗೆ ಹಲವು ಥ್ರೆಡ್‌ಗಳನ್ನು ಓಡಿಸುವ, ಮ್ಯೂಟೆಕ್ಸ್ ಎಂಬ ಲಾಕ್ ಹಾಕಿ ಬಿಡಿಸುವ ಒಂದು ಸಮಾನ ವಿಧಾನ ಯೂನಿಕ್ಸ್ ಜಗತ್ತಿಗೆ ಸಿಕ್ಕಿತು. ಅದರ ನಿಯಮ ಸರಳ. ಒಂದು ಥ್ರೆಡ್ ಬದಲಿಸುತ್ತಿರಬಹುದಾದ ಮೆಮೊರಿಯನ್ನು ಬೇರೊಂದು ಥ್ರೆಡ್ ಓದಲೂ ಬಾರದು, ಬರೆಯಲೂ ಬಾರದು. ಹಾಗಾಗದಂತೆ ಮ್ಯೂಟೆಕ್ಸ್ ಮುಂತಾದ ಕರೆಗಳಿಂದ ತಡೆಯುವುದು ಪ್ರೋಗ್ರಾಮರ್ ಹೊಣೆ. ಆ ಕರೆಗಳು ಮೆಮೊರಿಯನ್ನು ಎಲ್ಲರಿಗೂ ಒಂದೇ ಆಗಿ ಕಾಣಿಸುತ್ತವೆ.

ಈ ನಿಯಮ ಇಂದಿಗೂ ನಿಲ್ಲುವಂಥದ್ದು. ಕೊರತೆಯಿದ್ದದ್ದು ಬೇರೆ ಕಡೆ. ಪೋಸಿಕ್ಸ್ ಒಂದು ಲೈಬ್ರರಿಯ ಮಾನಕ; ಕಂಪೈಲರ್ ಪಾಲಿಸುವುದು ಸಿ ಭಾಷೆಯ ಮಾನಕವನ್ನು. ಸಿ ಮಾನಕದ ಕಣ್ಣಿನಲ್ಲಿ ಪ್ರೋಗ್ರಾಮ್ ಎಂದರೆ ಒಂದೇ ದಾರಿಯಲ್ಲಿ ಸಾಗುವ ಕೆಲಸ. ಆ ಒಂದು ದಾರಿಯ ಫಲಿತಾಂಶ ಕೆಡದಿದ್ದರೆ ಕಂಪೈಲರ್ ಸಾಲುಗಳನ್ನು ಹಿಂದುಮುಂದು ಮಾಡಬಹುದು, ವೇರಿಯಬಲ್ಲನ್ನು ಮೆಮೊರಿಯಿಂದ ರಿಜಿಸ್ಟರ್‌ಗೆ ಎತ್ತಿಕೊಳ್ಳಬಹುದು. ಕೆಲಸ ಮುಗಿಯಿತೇ ಎಂಬ ಗುರುತನ್ನು ಲೂಪಿನಲ್ಲಿ ಓದುತ್ತ ಕಾಯುವ ಥ್ರೆಡ್ ಇದೆ ಎನ್ನಿ. ಲೂಪಿನೊಳಗೆ ಆ ಗುರುತನ್ನು ಯಾರೂ ಬದಲಿಸುವುದಿಲ್ಲವೆಂದು ಕಂಡ ಕಂಪೈಲರ್ ಅದನ್ನು ಒಂದೇ ಬಾರಿ ಓದಿ, ಮುಂದೆಂದೂ ಮೆಮೊರಿಯ ಕಡೆ ತಿರುಗದ ಕೋಡ್ ಬರೆಯಬಹುದು. ಇನ್ನೊಂದು ಥ್ರೆಡ್ ಗುರುತು ಏರಿಸಿದರೂ ಕಾಯುವವನಿಗೆ ಅದು ಎಂದಿಗೂ ಕಾಣುವುದಿಲ್ಲ. ಪ್ರೋಗ್ರಾಮರ್ ಪೋಸಿಕ್ಸ್ ಅನ್ನು ಓದಿದ್ದ, ಕಂಪೈಲರ್ ಬರೆದವರು ಸಿ ಮಾನಕವನ್ನು ಓದಿದ್ದರು, ಪ್ರೊಸೆಸರ್ ಮಾಡಿದವರು ತಮ್ಮ ಕೈಪಿಡಿಯನ್ನು ಬರೆದಿದ್ದರು. ಮೂವರೂ ಒಟ್ಟಿಗೆ ಸಹಿ ಹಾಕಿದ ಕಾಗದ ಎಲ್ಲೂ ಇರಲಿಲ್ಲ.

ಆಗಸ್ಟ್ 14, 2003

ಆ ದಿನ ಮಧ್ಯಾಹ್ನ ಅಮೆರಿಕದ ಒಹಾಯೊ ರಾಜ್ಯದ ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ, 2.14ರ ನಂತರ ಎಚ್ಚರಿಕೆಯ ಅಲಾರಂಗಳು ನಿಂತುಹೋದವು. ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಜಿಇ ಎನರ್ಜಿಯ ಎಕ್ಸ್‌ಎ/21 ಎಂಬ ನಿಯಂತ್ರಣ ವ್ಯವಸ್ಥೆಯಲ್ಲಿ ಎರಡು ಪ್ರೋಸೆಸ್‌ಗಳಿಗೆ ಒಂದೇ ದತ್ತಾಂಶ ರಚನೆಗೆ ಒಂದೇ ಹೊತ್ತಿಗೆ ಬರೆಯುವ ಅವಕಾಶ ಸಿಕ್ಕಿಬಿಟ್ಟಿತ್ತು. ರಚನೆ ಕೆಟ್ಟಿತು, ಅಲಾರಂ ಪ್ರೋಗ್ರಾಮ್ ಕೊನೆಯಿಲ್ಲದ ಲೂಪಿಗೆ ಬಿತ್ತು, ಬಂದ ಎಚ್ಚರಿಕೆಗಳೆಲ್ಲ ಸಾಲಿನಲ್ಲೇ ಕೊಳೆತವು. 2.41ಕ್ಕೆ ಮುಖ್ಯ ಸರ್ವರ್ ಬಿತ್ತು, 2.54ಕ್ಕೆ ಬದಲಿ ಸರ್ವರ್ ಕೂಡ ಬಿತ್ತು.

3.05ಕ್ಕೆ ಒಂದು 345 ಕಿಲೋವೋಲ್ಟ್ ಲೈನು ಮರಕ್ಕೆ ತಗುಲಿ ಕಡಿದುಕೊಂಡಿತು. 3.32ಕ್ಕೆ ಇನ್ನೊಂದು, 3.41ಕ್ಕೆ ಮತ್ತೊಂದು. ಪರದೆ ನೋಡುತ್ತಿದ್ದವರಿಗೆ ಜಾಲ ನೆಟ್ಟಗಿದೆಯೆಂದೇ ಕಾಣುತ್ತಿತ್ತು. 4 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಕುಸಿತ ಸರಪಳಿಯಾಗಿ ಹಬ್ಬಿ, ಅಮೆರಿಕದ ಎಂಟು ರಾಜ್ಯಗಳಲ್ಲೂ ಕೆನಡಾದ ಆಂಟೇರಿಯೊದಲ್ಲೂ ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು. ಕಡಿಯದ ಮರಗಳು, ದುರ್ಬಲ ಮೇಲ್ವಿಚಾರಣೆ, ನೆರೆಯ ಸಂಸ್ಥೆಗಳ ನಡುವಿನ ಸಂವಹನದ ಕೊರತೆ ಎಲ್ಲವೂ ಕಾರಣಗಳೇ. ಆದರೆ ಇವನ್ನೆಲ್ಲ ಸಮಯಕ್ಕೆ ಸರಿಯಾಗಿ ಕಾಣಿಸಬೇಕಿದ್ದ ಕಣ್ಣನ್ನು ಮುಚ್ಚಿದ್ದು ಹಂಚಿಕೊಂಡ ದತ್ತಾಂಶದ ಮೇಲಿನ ಆ ಪೈಪೋಟಿ, ಅಂದರೆ ರೇಸ್. ಅದನ್ನು ಹಿಡಿಯಲು ಎಂಜಿನಿಯರ್‌ಗಳಿಗೆ ವಾರಗಟ್ಟಲೆ ಬೇಕಾಯಿತು. ಕೊನೆಗೆ ಕೋಡ್‌ನೊಳಗೆ ಬೇಕೆಂದೇ ವಿಳಂಬಗಳನ್ನು ತುರುಕಿ, ಮೇಲಿಂದ ಮೇಲೆ ಅಲಾರಂ ಸುರಿದು ಅದನ್ನು ಹೊರಗೆಳೆದರು. ಆ ದೋಷ ಬಾಯಿ ತೆರೆಯುತ್ತಿದ್ದದ್ದು ಕೆಲವೇ ಮಿಲಿಸೆಕೆಂಡ್. ಅದಕ್ಕೆ ಮುಂಚೆ ಆ ವ್ಯವಸ್ಥೆ ಬೇರೆಬೇರೆ ಕಡೆ ಒಟ್ಟು 30 ಲಕ್ಷ ಗಂಟೆಗಳಿಗೂ ಹೆಚ್ಚು ಕಾಲ ಓಡಿತ್ತು. ದೋಷ ಒಮ್ಮೆಯೂ ಮುಖ ತೋರಿಸಿರಲಿಲ್ಲ. ಪರೀಕ್ಷೆಯಲ್ಲಿ ಏನೂ ಆಗಲಿಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಯಾವ ಬೆಲೆಯೂ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬೋಮ್ ಅವರ ವಾದ

2005ರ ಹೊತ್ತಿಗೆ ಇಂಟೆಲ್ ಮತ್ತು ಎಎಂಡಿ ಸಾಮಾನ್ಯರ ಕಂಪ್ಯೂಟರ್‌ಗಳಿಗೂ ಎರಡು ಕೋರಿನ ಚಿಪ್ ಕೊಡತೊಡಗಿದವು. ಅಲ್ಲಿಯವರೆಗೆ ದೊಡ್ಡ ಸರ್ವರ್‌ಗಳಿಗಷ್ಟೇ ಸೀಮಿತವಾಗಿದ್ದ ತೊಂದರೆ ಎಲ್ಲರ ಮನೆಗೂ ಬಂತು. ಒಂದೇ ಪ್ರೊಸೆಸರ್‌ನ ಮೇಲೆ ವರ್ಷಗಟ್ಟಲೆ ಅಡಗಿ ಕುಳಿತಿದ್ದ ರೇಸ್‌ಗಳು ಎರಡು ಕೋರ್ ಸಿಕ್ಕೊಡನೆ ಹೊರಬಂದವು.

ಆ ವರ್ಷ ಎಚ್‌ಪಿ ಲ್ಯಾಬ್ಸ್‌ನ ಹಾನ್ಸ್ ಬೋಮ್ ಪ್ರಕಟಿಸಿದ ಲೇಖನದ ತಲೆಬರಹವೇ ಅದರ ವಾದ: ಥ್ರೆಡ್‌ಗಳನ್ನು ಲೈಬ್ರರಿಯಾಗಿ ಕಟ್ಟಲು ಬರುವುದಿಲ್ಲ. ಸಿ ಪ್ರೋಗ್ರಾಮ್‌ಗಳಿಗೆ ತಾನೇ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಕಟ್ಟಿದ್ದ ಬೋಮ್‌ಗೆ ಕಂಪೈಲರ್‌ಗಳ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು. ಪ್ರೋಗ್ರಾಮರ್ ಲಾಕ್‌ಗಳನ್ನು ತಪ್ಪಿಲ್ಲದೆ ಬಳಸಿದರೂ, ಥ್ರೆಡ್‌ಗಳ ಅರಿವಿಲ್ಲದ ಭಾಷೆಯ ಕಂಪೈಲರ್ ಆ ಪ್ರೋಗ್ರಾಮನ್ನು ಮಾನಕದ ಪ್ರಕಾರವೇ ಕೆಡಿಸಬಹುದು ಎಂದು ಅವರು ತೋರಿಸಿದರು. ಕಂಪೈಲರ್ ಒಂದು ವೇರಿಯಬಲ್‌ಗೆ ಮೂಲದಲ್ಲಿ ಇಲ್ಲದ ಬರಹವನ್ನು ಸೇರಿಸಬಹುದು. ಕೆಲವೇ ಬಿಟ್‌ಗಳ ಕ್ಷೇತ್ರವಾದ ಒಂದು ಬಿಟ್‌ಫೀಲ್ಡ್ ಬದಲಿಸುವಾಗ ಪಕ್ಕದ ಕ್ಷೇತ್ರವನ್ನೂ ಹಳೆಯ ಮೌಲ್ಯದಿಂದ ತುಳಿಯಬಹುದು.

ಇದು ಊಹೆಯಲ್ಲ ಎಂಬುದು 2007ರಲ್ಲಿ ಸಾಬೀತಾಯಿತು. ಒಂದು ಚಿಕ್ಕ ಫಂಕ್ಷನ್ ಮ್ಯೂಟೆಕ್ಸ್ ಸಿಗುತ್ತದೆಯೇ ಎಂದು ನೋಡುತ್ತದೆ, ಸಿಕ್ಕರೆ ಮಾತ್ರ ಕೌಂಟರ್ ಏರಿಸುತ್ತದೆ, ಸಿಗದಿದ್ದರೆ ಮುಟ್ಟುವುದಿಲ್ಲ. ಬರೆದವರ ಕಡೆಯಿಂದ ತಪ್ಪೇನಿಲ್ಲ. ಅಂದಿನ ಜಿಸಿಸಿ ಕಂಪೈಲರ್ ಕವಲಿನ ಖರ್ಚು ಉಳಿಸಲು ಅದನ್ನು ಬದಲಿಸಿತು: ಕೌಂಟರ್ ಓದು, ಲಾಕ್ ಸಿಕ್ಕಿದ್ದರೆ ಒಂದು, ಸಿಗದಿದ್ದರೆ ಸೊನ್ನೆ ಕೂಡಿಸು, ಎರಡರಲ್ಲೂ ತಿರುಗಿ ಬರೆ. ಒಂಟಿ ಥ್ರೆಡ್‌ಗೆ ಎರಡೂ ಒಂದೇ. ಆದರೆ ಲಾಕ್ ಸಿಗದ ಥ್ರೆಡ್ ಹಳೆಯ ಮೌಲ್ಯವನ್ನು ಬರೆಯುವ ಆ ಗಳಿಗೆಯಲ್ಲಿ, ಲಾಕ್ ಹಿಡಿದವನು ನ್ಯಾಯವಾಗಿ ಏರಿಸಿದ ಎಣಿಕೆ ಅಳಿದುಹೋಗುತ್ತದೆ. ಬೋಮ್ ಹೇಳಿದ್ದು ಇದನ್ನೇ.

ಸರಿತಾ ಆಡ್ವೆ ಕೊಟ್ಟ ಸೂತ್ರ

ಹಾಗಾದರೆ ಕರಾರಿನಲ್ಲಿ ಏನಿರಬೇಕು? ಎಲ್ಲ ಯಂತ್ರಗಳೂ ಲ್ಯಾಂಪೋರ್ಟ್ ಕ್ರಮವನ್ನು ಪಾಲಿಸಲಿ ಎಂದರೆ ವೇಗ ಹೋಗುತ್ತದೆ. ಯಂತ್ರ ಏನು ಮಾಡಿದರೂ ಸರಿ ಎಂದರೆ ಪ್ರೋಗ್ರಾಮರ್ ಬದುಕುವುದಿಲ್ಲ. ಉತ್ತರದ ತಿರುಳು 1990ರಲ್ಲೇ ಬಂದಿತ್ತು. ಬಾಂಬೆ ಐಐಟಿಯಲ್ಲಿ ಓದಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಹೋಗಿದ್ದ ಸರಿತಾ ಆಡ್ವೆ, ತಮ್ಮ ಮಾರ್ಗದರ್ಶಕ ಮಾರ್ಕ್ ಹಿಲ್ ಜೊತೆ ಬರೆದ ಲೇಖನದಲ್ಲಿ ಎರಡೂ ಕಡೆಗೆ ಹೊಣೆ ಹಂಚಿದರು. ಪ್ರೋಗ್ರಾಮರ್ ತನ್ನ ಪ್ರೋಗ್ರಾಮ್‌ನಲ್ಲಿ ಡೇಟಾ ರೇಸ್ ಇರದಂತೆ ನೋಡಿಕೊಳ್ಳಬೇಕು, ಹೊಂದಾಣಿಕೆಯ ಕ್ರಿಯೆಗಳನ್ನು ಹೊಂದಾಣಿಕೆ ಎಂದೇ ಗುರುತಿಸಬೇಕು. ಅಷ್ಟು ಮಾಡಿದರೆ, ಒಳಗೆ ಯಂತ್ರ ಏನೇ ಹಿಂದುಮುಂದು ಮಾಡಲಿ, ಹೊರಗಿನ ಫಲಿತಾಂಶ ಲ್ಯಾಂಪೋರ್ಟ್ ಹೇಳಿದಂತೆಯೇ ಇರುತ್ತದೆ.

ಈ ಸೂತ್ರದ ಸೊಗಸು ಅದರ ನ್ಯಾಯದಲ್ಲಿದೆ. ಪ್ರೋಗ್ರಾಮರ್‌ಗೆ ಸ್ಟೋರ್ ಬಫರ್, ಕ್ಯಾಶ್, ಆಲ್ಫಾದ ವಿಚಿತ್ರಗಳು ಏನೂ ತಿಳಿಯಬೇಕಿಲ್ಲ. ರೇಸ್ ಇಲ್ಲದ ಪ್ರೋಗ್ರಾಮ್ ಬರೆದರೆ ಸಾಕು. ಯಂತ್ರ ಮತ್ತು ಕಂಪೈಲರ್‌ಗೆ ಲಾಕ್‌ನಿಂದ ಲಾಕ್‌ವರೆಗಿನ ಬಯಲಿನಲ್ಲಿ ಬೇಕಾದ ಸ್ವಾತಂತ್ರ್ಯ. ಇಂಥ ಕರಾರಿಗೆ ಮೆಮೊರಿ ಮಾಡೆಲ್ ಎಂದು ಹೆಸರು. ಜಾವಾ ಭಾಷೆಯ ಮೊದಲ ಮೆಮೊರಿ ಮಾಡೆಲ್ ಮುರಿದಿದೆಯೆಂದು ಬಿಲ್ ಪ್ಯೂ ತೋರಿಸಿದ ಮೇಲೆ 2004ರಲ್ಲಿ ಅದನ್ನು ಹೊಸದಾಗಿ ಕಟ್ಟಿದಾಗ ಆಡ್ವೆ ಅದರಲ್ಲೂ ಕೈಜೋಡಿಸಿದರು. ಬೋಮ್ ಮುಂದಾಳಾಗಿ ನಡೆದ ಸಿ++ ಸಮಿತಿಯ ಪ್ರಯತ್ನ ಇದೇ ಅಡಿಪಾಯವನ್ನು ಆರಿಸಿಕೊಂಡಿತು. 2008ರಲ್ಲಿ ಬೋಮ್ ಮತ್ತು ಆಡ್ವೆ ಅದರ ಬುನಾದಿಯನ್ನು ಒಟ್ಟಿಗೆ ಬರೆದು ಪ್ರಕಟಿಸಿದರು. ಕೇಂಬ್ರಿಜ್‌ನ ಮಾರ್ಕ್ ಬ್ಯಾಟಿ, ಪೀಟರ್ ಸ್ಯೂಯಲ್ ಮತ್ತು ಸಂಗಡಿಗರು ಕರಡಿನ ಇಂಗ್ಲಿಷ್ ವಾಕ್ಯಗಳನ್ನು ಗಣಿತಕ್ಕಿಳಿಸಿ ಪರೀಕ್ಷಿಸಿದರು. ಆಗ ಕಂಡ ದೋಷಗಳಲ್ಲಿ ಹಲವು ಮಾನಕ ಹೊರಬರುವ ಮೊದಲೇ ತಿದ್ದಲ್ಪಟ್ಟವು. ಕರಾರಿನ ಒಂದೊಂದು ಪದವನ್ನೂ ಹೀಗೆ ತೂಗಿ ನೋಡಿದ್ದು ಭಾಷೆಗಳ ಇತಿಹಾಸದಲ್ಲೇ ಅಪರೂಪ.

2011ರ ಮಾನಕ ಹೇಳಿದ್ದು

ಸಿ ಸಮಿತಿ ಈ ಮಾಡೆಲನ್ನು ಸಿ++ನಿಂದ ತೆಗೆದುಕೊಂಡಿತು. 2011ರ ಡಿಸೆಂಬರಿನಲ್ಲಿ ಸಿ11 ಪ್ರಕಟವಾಯಿತು. ಭಾಷೆ ರೂಪುಗೊಂಡು 39 ವರ್ಷ ಕಳೆದ ಮೇಲೆ, ಪಿಥ್ರೆಡ್ಸ್ ಬಂದು 16 ವರ್ಷವಾದ ಮೇಲೆ, ಒಂದು ಸಿ ಪ್ರೋಗ್ರಾಮ್‌ನಲ್ಲಿ ಒಂದಕ್ಕಿಂತ ಹೆಚ್ಚು ಥ್ರೆಡ್ ಇರಬಹುದು ಎಂದು ಸಿ ಮಾನಕ ಮೊದಲ ಬಾರಿಗೆ ಒಪ್ಪಿಕೊಂಡಿತು.

ಅದರ ಮೊದಲ ನಿಯಮ ಕಠಿಣ. ಎರಡು ಥ್ರೆಡ್‌ಗಳು ಒಂದೇ ಮೆಮೊರಿ ಜಾಗವನ್ನು ಮುಟ್ಟಿ, ಕನಿಷ್ಠ ಒಂದು ಬರೆಯುತ್ತಿದ್ದು, ಕನಿಷ್ಠ ಒಂದು ಅಟಾಮಿಕ್, ಅಂದರೆ ಒಡೆಯಲಾಗದ ಕ್ರಿಯೆ, ಅಲ್ಲದಿದ್ದು, ಎರಡರ ನಡುವೆ ಮೊದಲು ಯಾವುದು ನಂತರ ಯಾವುದು ಎಂಬ ಸಂಬಂಧ ಇಲ್ಲದಿದ್ದರೆ, ಅದು ಡೇಟಾ ರೇಸ್. ಅಂಥ ಪ್ರೋಗ್ರಾಮ್‌ಗೆ ಮಾನಕ ಯಾವ ಅರ್ಥವನ್ನೂ ಕೊಡುವುದಿಲ್ಲ. ಹಳೆಯ ಮೌಲ್ಯ ಸಿಗಬಹುದು ಅಥವಾ ಹೊಸದು ಸಿಗಬಹುದು ಎಂಬಷ್ಟು ಭರವಸೆಯೂ ಇಲ್ಲ. ನಿರಪಾಯದ ರೇಸ್ ಎಂಬುದೊಂದಿದೆ, ಒಂದು ಇಂಟ್ ಓದುವುದರಲ್ಲಿ ಏನು ಮಹಾ ಎಂದು ವಾದಿಸುವವರಿಗೆ ಬೋಮ್ ಅದೇ ವರ್ಷ ಇನ್ನೊಂದು ಲೇಖನದಲ್ಲಿ ಉತ್ತರ ಕೊಟ್ಟರು. ನಿರಪಾಯವೆಂದು ತೋರುವ ರೇಸ್‌ಗಳನ್ನೂ ಕಂಪೈಲರ್ ಹೇಗೆ ಕೆಡಿಸಬಹುದೆಂದು ಅವರು ಒಂದೊಂದಾಗಿ ತೋರಿಸಿದರು. ಎರಡು ಬಾರಿ ಓದಿದರೆ ಒಂದೇ ಮೌಲ್ಯ ಬರುತ್ತದೆ ಎಂಬ ನಂಬಿಕೆಯ ಮೇಲೆ ಕಂಪೈಲರ್ ಕೋಡ್ ಕಟ್ಟಿರುತ್ತದೆ. ಆ ಮೌಲ್ಯ ನಡುವೆ ಬದಲಾದರೆ ನಮ್ಮ ಮೂಲ ಪಠ್ಯದಲ್ಲಿ ಎಲ್ಲೂ ಇಲ್ಲದ ಕಡೆಗೆ ಪ್ರೋಗ್ರಾಮ್ ಜಿಗಿಯಬಹುದು.

ಎರಡನೆಯ ನಿಯಮ ಕಂಪೈಲರ್‌ಗೆ. ಬೇರೆಬೇರೆ ವೇರಿಯಬಲ್‌ಗಳು ಬೇರೆಬೇರೆ ಮೆಮೊರಿ ಜಾಗಗಳು. ಪಕ್ಕಪಕ್ಕದ ಎರಡು ಬೈಟ್‌ಗಳನ್ನು ಎರಡು ಥ್ರೆಡ್‌ಗಳು ಲಾಕ್ ಇಲ್ಲದೆ ಬದಲಿಸಿದರೂ ಒಂದು ಇನ್ನೊಂದನ್ನು ತುಳಿಯಬಾರದು. ಮೂಲದಲ್ಲಿ ಇಲ್ಲದ ಬರಹವನ್ನು ಹಂಚಿಕೊಂಡ ಜಾಗಕ್ಕೆ ಸೇರಿಸಬಾರದು. 2007ರ ಆ ಕೌಂಟರ್ ಇನ್ನು ಮುಂದೆ ಕಂಪೈಲರ್‌ನ ತಪ್ಪು. ಒಟ್ಟಿಗೆ ಪ್ಯಾಕ್ ಮಾಡಿದ ಪಕ್ಕದ ಬಿಟ್‌ಫೀಲ್ಡ್‌ಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ಅವುಗಳ ಇಡೀ ಗುಂಪೇ ಒಂದು ಜಾಗ.

ಮೂರನೆಯದು ಸಾಧನಗಳು. ವೇರಿಯಬಲ್ಲನ್ನು ಅಟಾಮಿಕ್ ಎಂದು ಘೋಷಿಸಿದರೆ ಅದರ ಓದು, ಬರಹ, ಒಂದು ಕೂಡಿಸುವಿಕೆ ಒಡೆಯುವುದಿಲ್ಲ. ಬೇರೇನೂ ಹೇಳದಿದ್ದರೆ ಎಲ್ಲರಿಗೂ ಒಂದೇ ಕ್ರಮ ಕಾಣುವ ಲ್ಯಾಂಪೋರ್ಟ್ ಶಿಸ್ತೇ ಅನ್ವಯಿಸುತ್ತದೆ. ಸಂದೇಶ ತಲುಪಿಸುವ ಕೆಲಸಕ್ಕೆ ರಿಲೀಸ್ ಮತ್ತು ಅಕ್ವೈರ್ ಎಂಬ ಜೋಡಿ ಇದೆ: ದತ್ತಾಂಶವನ್ನು ಸಿದ್ಧಪಡಿಸಿದ ಥ್ರೆಡ್ ಗುರುತನ್ನು ರಿಲೀಸ್ ಆಗಿ ಬರೆಯುತ್ತದೆ, ಆ ಗುರುತನ್ನು ಅಕ್ವೈರ್ ಆಗಿ ಓದಿ ಕಂಡವನಿಗೆ ಅದಕ್ಕೂ ಮೊದಲು ಬರೆದದ್ದೆಲ್ಲ ಕಾಣಲೇಬೇಕು. ಕ್ರಮವೇ ಬೇಡ, ಎಣಿಕೆ ತಪ್ಪದಿದ್ದರೆ ಸಾಕು ಎನ್ನುವ ಅಂಕಿಅಂಶದ ಕೌಂಟರ್‌ಗೆ ರಿಲ್ಯಾಕ್ಸ್‌ಡ್ ಇದೆ. ಎರಡು ಮೂರು ವೇರಿಯಬಲ್‌ಗಳು ಒಟ್ಟಾಗಿ ಅರ್ಥ ಕೊಡುವ ಕಡೆ ಮ್ಯೂಟೆಕ್ಸ್‌ಗೆ ಬದಲಿಯಿಲ್ಲ. ಬ್ಯಾಲೆನ್ಸ್ ಒಂದು, ಕೊನೆಯ ವಹಿವಾಟು ಇನ್ನೊಂದು ಎಂದು ಎರಡು ಅಟಾಮಿಕ್ ಇಟ್ಟರೆ, ಅವೆರಡರ ನಡುವಿನ ಹೊಂದಾಣಿಕೆಯನ್ನು ಯಾರೂ ಕಾಯುವುದಿಲ್ಲ. ಓದುವವನೂ ಅದೇ ಲಾಕ್ ಹಿಡಿಯಬೇಕು. ಬರೆಯುವವನಿಗೆ ಮಾತ್ರ ಲಾಕ್ ಸಾಕು ಎಂಬುದು ಈ ಕ್ಷೇತ್ರದ ಅತಿ ಹಳೆಯ, ಇಂದಿಗೂ ಅತಿ ಸಾಮಾನ್ಯವಾದ ತಪ್ಪು.

ಕರಾರು ಆದ ಮೇಲೆ

ಕಾಗದದಿಂದ ಯಂತ್ರಕ್ಕೆ ಇಳಿಯಲು ಇನ್ನೂ ವರ್ಷಗಳು ಬೇಕಾದವು. 2012ರ ಆರಂಭದಲ್ಲಿ ಇಟಾನಿಯಂ ಪ್ರೊಸೆಸರ್ ಮೇಲೆ ಲಿನಕ್ಸ್ ಕರ್ನಲ್‌ನ ಒಂದು ಲಾಕ್ ವಿನಾಕಾರಣ ಕೆಡುತ್ತಿತ್ತು. ಲಾಕ್‌ನ ಪಕ್ಕದಲ್ಲಿದ್ದ ಬಿಟ್‌ಫೀಲ್ಡ್ ಬದಲಿಸಲು ಜಿಸಿಸಿ 64 ಬಿಟ್‌ಗಳನ್ನೂ ಒಟ್ಟಿಗೆ ಓದಿ ತಿರುಗಿ ಬರೆಯುತ್ತಿತ್ತು, ಪಕ್ಕದ ಲಾಕ್ ತುಳಿತಕ್ಕೆ ಸಿಕ್ಕಿತ್ತು. ಬೋಮ್ ಏಳು ವರ್ಷ ಮೊದಲೇ ಎಚ್ಚರಿಸಿದ್ದ ಅದೇ ದೋಷ ಇದು. ಸಿ11ರ ಅಟಾಮಿಕ್‌ಗಳು ಜಿಸಿಸಿಗೆ ಪೂರ್ಣವಾಗಿ ಬಂದದ್ದು 2014ರಲ್ಲಿ. ಅದರ ಥ್ರೆಡ್ ಲೈಬ್ರರಿ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಗೆ ಬಂದದ್ದು 2018ರಲ್ಲಿ. ಕನ್ಸ್ಯೂಮ್ ಎಂಬ ಇನ್ನೊಂದು ಬಗೆಯ ಕ್ರಮವನ್ನು ಕಂಪೈಲರ್‌ಗಳು ಹೇಳಿದಂತೆ ಕಟ್ಟಲಾರದೆ ಹೋದವು. ಲಿನಕ್ಸ್ ಕರ್ನಲ್ ತನ್ನದೇ ದಾರಿ ಹಿಡಿದು 2018ರಲ್ಲಿ ತನ್ನದೇ ಮೆಮೊರಿ ಮಾಡೆಲನ್ನು ಔಪಚಾರಿಕವಾಗಿ ಬರೆದುಕೊಂಡಿತು. ದೋಷ ಹುಡುಕುವ ಸಾಧನಗಳೂ ಬಲಿತವು: ಗೂಗಲ್‌ನಲ್ಲಿ ಹುಟ್ಟಿದ ಥ್ರೆಡ್‌ಸ್ಯಾನಿಟೈಸರ್ ಇಂದು ಜಿಸಿಸಿ, ಕ್ಲ್ಯಾಂಗ್ ಎರಡರ ಜೊತೆಗೂ ಬರುತ್ತದೆ. ಪ್ರೋಗ್ರಾಮ್ ಓಡುವಾಗ ಯಾವ ಎರಡು ಸಾಲುಗಳು ಕ್ರಮವಿಲ್ಲದೆ ಒಂದೇ ಜಾಗವನ್ನು ಮುಟ್ಟಿದವೆಂದು ಅದು ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಒಹಾಯೊದ ಘಟನೆಯ ನಂತರ ಎಂಜಿನಿಯರ್‌ಗಳು ವಾರಗಟ್ಟಲೆ ಹುಡುಕಿದಂಥ ದೋಷವನ್ನು ಹುಡುಕುವವರಿಗೆ ಇದಕ್ಕಿಂತ ದೊಡ್ಡ ನೆರವಿಲ್ಲ.

ಐವತ್ತು ವರ್ಷಗಳಲ್ಲಿ ಗಣಿತಜ್ಞರು, ಯಂತ್ರ ಕಟ್ಟಿದವರು, ಕಂಪೈಲರ್ ಬರೆದವರು ತಮ್ಮ ತಮ್ಮ ಪಾಲಿಗೆ ಸಹಿ ಹಾಕಿದ್ದಾರೆ. ಉಳಿದಿರುವುದು ಕೋಡ್ ಬರೆಯುವವರ ಸಹಿ. ಹಂಚಿಕೊಂಡ ಪ್ರತಿ ವೇರಿಯಬಲ್‌ಗೂ ಒಂದೇ ಪ್ರಶ್ನೆ: ಇದನ್ನು ಕಾಯುವ ಲಾಕ್ ಯಾವುದು? ಲಾಕ್ ಇಲ್ಲದಿದ್ದರೆ ಇದು ಅಟಾಮಿಕ್ಕೇ? ಎರಡೂ ಅಲ್ಲದಿದ್ದರೆ, ಥ್ರೆಡ್‌ಗಳು ಹುಟ್ಟಿದ ಮೇಲೆ ಇದು ಎಂದಿಗೂ ಬದಲಾಗುವುದಿಲ್ಲ ಎಂದು ಖಚಿತವೇ? ಇದಕ್ಕೆ ಉತ್ತರವನ್ನು ವೇರಿಯಬಲ್ ಘೋಷಿಸಿದ ಸಾಲಿನ ಪಕ್ಕದಲ್ಲೇ ಬರೆದಿಡಬೇಕು. ಬರೆಯಲು ಬಾರದಿದ್ದರೆ, ಪ್ರೋಗ್ರಾಮ್ ಎಷ್ಟು ವರ್ಷ ಚೆನ್ನಾಗಿ ಓಡಿದ್ದರೂ, ಅದು ಸರಿಯಾಗಿದೆ ಎನ್ನಲು ನಮಗೆ ಯಾವ ಆಧಾರವೂ ಇಲ್ಲ.